ಮತದ ವಯಸ್ಸಿಗೆ ಮುನ್ನ: ಮಕ್ಕಳ ಪಂಚಾಯತಿಯ ಇತಿಹಾಸ ಮತ್ತು ನಾವು

ಒಂದು ಜನಸಮುದಾಯವು ತನ್ನ ಸಭೆಯೊಳಗೆ ಯಾರನ್ನು ಕುಳ್ಳಿರಿಸುತ್ತದೆ, ಯಾರನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ ಎಂಬುದನ್ನು ಅರಿತರೆ ಆ ಸಮುದಾಯದ ಇತಿಹಾಸದ ಅರ್ಧಭಾಗವನ್ನು ಅರಿತಂತೆಯೇ. ಜಾತಿ, ಸಂಪತ್ತು, ಲಿಂಗಗಳ ಕಾರಣದಿಂದ ಹೊರಗುಳಿದವರ ಕಥೆಯನ್ನು ನಮ್ಮ ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ವಯಸ್ಸಿನ ಕಾರಣದಿಂದ ಹೊರಗುಳಿದವರ ಕಥೆಗೆ ಅಷ್ಟು ಗಮನ ದೊರೆತಿಲ್ಲ. ಹದಿನಾರರ ಹುಡುಗನಿಗೆ ಇಂದು ಇಲ್ಲದ ಹಕ್ಕು ಎರಡು ವರ್ಷ ಕಳೆದರೆ ತಾನಾಗಿ ಬರುತ್ತದೆಯಲ್ಲ, ಅದಕ್ಕಾಗಿ ಚಿಂತೆಯೇಕೆ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಶಾಲೆ, ನೀರು, ದಾರಿ, ದುಡಿಮೆ ಇವುಗಳ ಕುರಿತ ನಿರ್ಧಾರಗಳು ಆ ಎರಡು ವರ್ಷ ಕಾಯುವುದಿಲ್ಲ. ಅವು ಆ ಹುಡುಗನ ಬದುಕನ್ನು ರೂಪಿಸಿ ಮುಗಿಸಿದ ಮೇಲೆಯೇ ಮತಪತ್ರ ಅವನ ಕೈಗೆ ಬರುತ್ತದೆ.

ಕನ್ನಡ ನಾಡಿನ ಕರಾವಳಿಯ ಒಂದು ತಾಲೂಕಿನಲ್ಲಿ, ಮೂರು ದಶಕಗಳ ಹಿಂದೆ, ಮಕ್ಕಳೇ ಮತ ಹಾಕಿ ತಮ್ಮ ಪಂಚಾಯತಿಯನ್ನು ಆರಿಸಿಕೊಂಡರು. ಆ ಪ್ರಯೋಗವನ್ನು ನಡುವೆ ಇರಿಸಿಕೊಂಡು, ಕಿರಿಯರ ಚುನಾಯಿತ ಸಭೆಗಳ ಇತಿಹಾಸವನ್ನು ಈ ಲೇಖನದಲ್ಲಿ ಸ್ಥೂಲವಾಗಿ ಅವಲೋಕಿಸಿದ್ದೇವೆ. ದಾಬೋಲಿಮ್ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಅದು ಯಾವ ಹೊಣೆಯನ್ನು ಹೊರಿಸುತ್ತದೆ ಎಂಬುದು ನಮ್ಮ ಕೊನೆಯ ಪ್ರಶ್ನೆ.

ಹಿರಿಯರ ಸಭೆಗಳು

ಭಾರತದ ಪ್ರಾಚೀನ ಗ್ರಾಮ ಸ್ವರಾಜ್ಯದ ಮಾತು ಬಂದಾಗಲೆಲ್ಲ ಉತ್ತರಮೇರೂರಿನ ಶಾಸನಗಳನ್ನು ಉದಾಹರಿಸುವುದು ವಾಡಿಕೆ. ಚೋಳರ ಪರಾಂತಕನ ಕಾಲದ, ಹತ್ತನೆಯ ಶತಮಾನದ ಆ ಶಾಸನಗಳಲ್ಲಿ ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮ ವಿವರವಾಗಿ ಬಂದಿದೆ. ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕೊಡದಲ್ಲಿ ಹಾಕಿ, ಒಂದೊಂದಾಗಿ ಎತ್ತಲಾಗುತ್ತಿತ್ತು. ಸ್ವಂತ ಭೂಮಿ, ಸ್ವಂತ ಮನೆ, ಶಾಸ್ತ್ರಜ್ಞಾನಗಳ ಜೊತೆಗೆ ವಯಸ್ಸಿನ ನಿಬಂಧನೆಯೂ ಅಲ್ಲಿತ್ತು: ಎರಡನೆಯ ಶಾಸನದ ಪ್ರಕಾರ ಮೂವತ್ತೈದು ದಾಟಿರಬೇಕು, ಎಪ್ಪತ್ತು ಮೀರಿರಬಾರದು. ಇಲ್ಲಿ ನಮ್ಮ ಗಮನ ಸೆಳೆಯುವ ಸಂಗತಿ ಇನ್ನೊಂದಿದೆ. ಕೊಡದಿಂದ ಓಲೆಯನ್ನು ಎತ್ತುವ ಕೆಲಸವನ್ನು ಒಳಗಿನ ವಿಷಯವರಿಯದ ಒಬ್ಬ ಬಾಲಕನಿಂದ ಮಾಡಿಸಬೇಕೆಂದು ಶಾಸನ ಹೇಳುತ್ತದೆ. ಪಕ್ಷಪಾತ ನುಸುಳದಿರಲು ಸಭೆಗೆ ಮಗುವಿನ ಕೈ ಬೇಕಿತ್ತು; ಮಗುವಿನ ಮಾತು ಬೇಕಿರಲಿಲ್ಲ.

ನಾವು ಇಂದು ನೆಲೆಸಿರುವ ಗೋವೆಯ ನೆಲಕ್ಕೂ ತನ್ನದೇ ಆದ ಪುರಾತನ ಗ್ರಾಮಸಂಸ್ಥೆಯಿದೆ. ಪೋರ್ಚುಗೀಸರು ಬರುವುದಕ್ಕೆ ಬಹು ಮುಂಚೆಯೇ ಇದ್ದ ಗಾಂವ್ಕಾರಿ ಪದ್ಧತಿಯನ್ನು, 1526ರಲ್ಲಿ ಅಫೋನ್ಸೊ ಮೆಶಿಯಾ ಹೊರಡಿಸಿದ ಸನ್ನದು ಬರಹಕ್ಕಿಳಿಸಿತು. ಮುಂದೆ ಇವು ಕೊಮುನಿದಾದ್ ಎಂಬ ಹೆಸರಿನಲ್ಲಿ ಮುಂದುವರಿದವು. ಊರನ್ನು ಮೊದಲು ನೆಲೆಗೊಳಿಸಿದವರ ಗಂಡು ಸಂತಾನವಾದ ಗಾಂವ್ಕಾರರು ಒಟ್ಟಿಗೆ ಕುಳಿತು ಗದ್ದೆ, ಒಡ್ಡು, ದೇವಾಲಯಗಳ ವಿಚಾರ ತೀರ್ಮಾನಿಸುತ್ತಿದ್ದರು. ತಲೆಮಾರುಗಳಿಂದ ಅದೇ ಊರಿನಲ್ಲಿದ್ದರೂ ಆ ವಂಶಾವಳಿಗೆ ಸೇರದವನಿಗೆ ಅಲ್ಲಿ ಮಾತಿಲ್ಲ. ಹುಟ್ಟು ಇಲ್ಲಿ ಹೊಸ್ತಿಲಾಗಿತ್ತು.

ಇತ್ತ ಮೈಸೂರಿನಲ್ಲಿ, 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿದ ವರ್ಷವೇ, ದಿವಾನ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಆ ವರ್ಷದ ಅಕ್ಟೋಬರ್ 7ರಂದು 144 ಮಂದಿ ಸದಸ್ಯರು ಮೈಸೂರಿನಲ್ಲಿ ಸೇರಿದರು. ಅವರು ಮುಖ್ಯವಾಗಿ ಭೂಮಾಲೀಕರು ಹಾಗೂ ವರ್ತಕರು; ಜನರ ಮತದಿಂದ ಬಂದವರಲ್ಲ. ಒಂದು ದಶಕದ ಅನಂತರ ಚುನಾವಣೆಯ ಪದ್ಧತಿ ಬಂತು, ಆದರೆ ಅದು ಕಂದಾಯ ಕಟ್ಟುವವರ, ಆಸ್ತಿಯುಳ್ಳವರ ಚುನಾವಣೆ. 1923ರಲ್ಲಿ ಸಭೆಗೆ ಶಾಸನದ ಆಧಾರ ದೊರೆತಾಗ ಹೆಣ್ಣೆಂಬ ಕಾರಣದ ಅನರ್ಹತೆ ತೊಲಗಿತು. ಹೀಗೆ ಒಂದೊಂದೇ ಬಾಗಿಲು ತೆರೆಯುತ್ತ ಬಂದರೂ ವಯಸ್ಸಿನ ಬಾಗಿಲು ಹಾಗೆಯೇ ಉಳಿಯಿತು.

ಇಪ್ಪತ್ತೊಂದರಿಂದ ಹದಿನೆಂಟಕ್ಕೆ

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಆಸ್ತಿ, ಅಕ್ಷರ, ಜಾತಿ, ಲಿಂಗಗಳ ಹೊಸ್ತಿಲುಗಳನ್ನು ಒಮ್ಮೆಗೇ ಅಳಿಸಿಹಾಕಿ, ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಮತಾಧಿಕಾರ ನೀಡಿತು. ಅದರ ಮಹತ್ವವನ್ನು ಯಾರೂ ಕಡಿಮೆ ಎಣಿಸಲಾರರು. ಆದರೂ ದೇಶದ ಜನಸಂಖ್ಯೆಯ ಬಹುದೊಡ್ಡ ಪಾಲು ಆ ಗೆರೆಯ ಈಚೆಗೇ ಉಳಿಯಿತು.

ಆ ಗೆರೆ ಎಷ್ಟು ಭಾರವಾದುದೆಂಬುದನ್ನು ಗೋವೆಯ ಇತಿಹಾಸವೇ ತೋರಿಸಿಕೊಟ್ಟಿದೆ. 1967ರ ಜನವರಿ 16ರಂದು ಇಲ್ಲಿ ನಡೆದ ಜನಮತಗಣನೆಯಲ್ಲಿ, ಗೋವೆ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೆ ಅಥವಾ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆ ಎಂಬುದನ್ನು ಜನ ನಿರ್ಧರಿಸಬೇಕಿತ್ತು. ವಿಲೀನಕ್ಕೆ ಹೂವು, ಪ್ರತ್ಯೇಕತೆಗೆ ಎರಡೆಲೆ, ಇವು ಮತಪತ್ರದ ಚಿಹ್ನೆಗಳು. 34,021 ಮತಗಳ ಅಂತರದಿಂದ ಎರಡೆಲೆ ಗೆದ್ದಿತು. ಹಾಡು, ಪತ್ರಿಕೆ, ಮನೆಮನೆಯ ಪ್ರಚಾರಗಳಲ್ಲಿ ಎರಡೂ ಕಡೆಯ ತರುಣರು ದುಡಿದಿದ್ದರು. ಅವರಲ್ಲಿ ಇಪ್ಪತ್ತೊಂದು ತುಂಬದವರಿಗೆ ಮತಗಟ್ಟೆಯ ಬಾಗಿಲು ಮುಚ್ಚಿತ್ತು. ದುಡಿಮೆಗಾಗಿ ಮುಂಬಯಿಗೆ ಹೋಗಿದ್ದ ಗೋವೆಯ ಮಂದಿಗೂ ಮತದ ಹಕ್ಕು ದೊರೆಯಲಿಲ್ಲ. ತಮ್ಮ ನಾಡಿನ ಭವಿಷ್ಯ ನಿರ್ಧಾರವಾಗುವ ದಿನ ಹೊರಗೆ ನಿಲ್ಲುವುದು ಎಂದರೇನೆಂಬುದನ್ನು ಕಿರಿಯರೂ ವಲಸಿಗರೂ ಒಟ್ಟಿಗೆ ಅನುಭವಿಸಿದ ದಿನವದು.

ಮತವಿಲ್ಲದವರು ಬೀದಿಗಿಳಿಯುವುದು ಸಹಜ. 1978-79ರಲ್ಲಿ ಗೋವೆಯ ವಿದ್ಯಾರ್ಥಿಗಳು ಬಸ್ ಪ್ರಯಾಣದಲ್ಲಿ ಅರ್ಧ ದರದ ರಿಯಾಯಿತಿಗಾಗಿ ದೊಡ್ಡ ಚಳವಳಿ ನಡೆಸಿ ಅದನ್ನು ಪಡೆದುಕೊಂಡರು. ಈ ಬೇಡಿಕೆ ಹಿರಿಯರ ಸಭೆಯೊಳಗಿಂದ ಮೇಲೆದ್ದು ಬರಲಿಲ್ಲ ಎಂಬುದನ್ನು ಗಮನಿಸಬೇಕು. ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುವವನಿಗಷ್ಟೇ ಆ ಟಿಕೇಟಿನ ಭಾರ ಗೊತ್ತಿತ್ತು.

ಮತದ ವಯಸ್ಸನ್ನು ಇಳಿಸುವ ಕೆಲಸದಲ್ಲಿ ಕರ್ನಾಟಕ ಮುಂದಿದ್ದ ರಾಜ್ಯಗಳಲ್ಲೊಂದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ ವ್ಯವಸ್ಥೆಯಡಿ 1987ರ ಆರಂಭದಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಿಗೆ ಚುನಾವಣೆಗಳು ನಡೆದಾಗ ಹದಿನೆಂಟರ ಹರೆಯದವರೂ ಮತ ಹಾಕಿದರು. ಮಹಿಳೆಯರಿಗೆ ನಾಲ್ಕನೆಯ ಒಂದು ಪಾಲು ಸ್ಥಾನಗಳು ಮೀಸಲಾದುದೂ ಅಲ್ಲಿಯೇ. ಅನಂತರ ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚ್‌ನಲ್ಲಿ ಜಾರಿಗೆ ಬಂದು, ಆ ವರ್ಷದ ಕೊನೆಗೆ ನಡೆದ ಲೋಕಸಭಾ ಚುನಾವಣೆಯಲ್ಲಿ ದೇಶದಾದ್ಯಂತ ಹದಿನೆಂಟರವರು ಮತದಾರರಾದರು. ಆದರೆ ಮತ ಹಾಕುವ ವಯಸ್ಸು ಇಳಿದಂತೆ ಸ್ಪರ್ಧಿಸುವ ವಯಸ್ಸು ಇಳಿಯಲಿಲ್ಲ. ಇಂದಿಗೂ ಪಂಚಾಯತಿಗೆ ಇಪ್ಪತ್ತೊಂದು, ವಿಧಾನಸಭೆ ಹಾಗೂ ಲೋಕಸಭೆಗಳಿಗೆ ಇಪ್ಪತ್ತೈದು ತುಂಬಿರಬೇಕು.

ಅಣಕು ಸಂಸತ್ತು: ಕಲಿಕೆಯ ಸಭೆ

ಕಿರಿಯರಿಗೆ ಪ್ರಜಾಪ್ರಭುತ್ವವನ್ನು ಕಲಿಸಬೇಕೆಂಬ ಚಿಂತನೆ ಸರ್ಕಾರಕ್ಕೂ ಇತ್ತು. 1962ರಲ್ಲಿ ಮುಂಬಯಿಯಲ್ಲಿ ಸೇರಿದ ಅಖಿಲ ಭಾರತ ಸಚೇತಕರ ಸಮ್ಮೇಳನವು ವಿದ್ಯಾಸಂಸ್ಥೆಗಳಲ್ಲಿ ಅಣಕು ಸಂಸತ್ತನ್ನು ಪ್ರೋತ್ಸಾಹಿಸಬೇಕೆಂದು ಶಿಫಾರಸು ಮಾಡಿತು. ಅದರಂತೆ 1966-67ರಲ್ಲಿ ದೆಹಲಿಯ ಶಾಲೆಗಳಲ್ಲಿ ಯುವ ಸಂಸತ್ತಿನ ಸ್ಪರ್ಧೆ ಆರಂಭವಾಯಿತು. 1988ರಲ್ಲಿ ಅದು ಕೇಂದ್ರೀಯ ವಿದ್ಯಾಲಯಗಳಿಗೂ, 1997-98ರಲ್ಲಿ ನವೋದಯ ವಿದ್ಯಾಲಯಗಳು ಹಾಗೂ ವಿಶ್ವವಿದ್ಯಾಲಯಗಳಿಗೂ ವಿಸ್ತರಿಸಿತು. 2019ರಲ್ಲಿ ಹದಿನೆಂಟರಿಂದ ಇಪ್ಪತ್ತೈದರವರಿಗಾಗಿ ರಾಷ್ಟ್ರೀಯ ಯುವ ಸಂಸತ್ ಉತ್ಸವವೂ ಮೊದಲಾಯಿತು.

ಈ ಸಭೆಗಳಲ್ಲಿ ಪ್ರಮಾಣವಚನ, ಪ್ರಶ್ನೋತ್ತರ, ಮಸೂದೆಯ ಮಂಡನೆ, ಮತವಿಭಜನೆ ಎಲ್ಲವೂ ಉಂಟು. ಒಬ್ಬಳು ಸಭಾಧ್ಯಕ್ಷೆಯಾಗುತ್ತಾಳೆ, ಒಬ್ಬ ಪ್ರಧಾನಿಯಾಗುತ್ತಾನೆ, ಇನ್ನೊಬ್ಬ ವಿರೋಧ ಪಕ್ಷದ ನಾಯಕನಾಗುತ್ತಾನೆ. ಮಾತುಗಾರಿಕೆ, ಸಂಯಮ, ಎದುರಾಳಿಯ ವಾದಕ್ಕೆ ಕಿವಿಗೊಡುವ ಗುಣ ಇವೆಲ್ಲ ಬೆಳೆಯುತ್ತವೆ. ಇಂತಹ ವೇದಿಕೆಯಿಂದ ಬಂದು ಸಾರ್ವಜನಿಕ ಬದುಕಿನಲ್ಲಿ ಒಳ್ಳೆಯ ಕೆಲಸ ಮಾಡುವವರು ಇದ್ದಾರೆ. ಈ ವೇದಿಕೆಯನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಆದರೂ ಒಂದು ಕೊರತೆ ಅದರ ರಚನೆಯಲ್ಲಿಯೇ ಇದೆ. ಅಲ್ಲಿನ ಸದಸ್ಯರನ್ನು ಆರಿಸುವವರು ಅಧ್ಯಾಪಕರು ಅಥವಾ ತೀರ್ಪುಗಾರರು. ಆ ಸದಸ್ಯರ ಹಿಂದೆ ಮತ ಹಾಕಿದ ಸಹಪಾಠಿಗಳಿಲ್ಲ. ಆದ್ದರಿಂದ ಸಭೆ ಮುಗಿದ ಮೇಲೆ "ನಮ್ಮ ವಿಷಯ ಏನಾಯಿತು" ಎಂದು ಕೇಳುವವರೂ ಇಲ್ಲ. ಚೆನ್ನಾಗಿ ಮಾತಾಡಬಲ್ಲವನಿಗೆ ಅಲ್ಲಿ ಜಾಗ ಉಂಟು. ಮಾತು ಬಾರದಿದ್ದರೂ ಹೇಳಲೇಬೇಕಾದ ವಿಷಯವಿರುವವನಿಗೆ ಜಾಗ ಸಿಗುವುದು ಕಷ್ಟ. ಶಾಲೆ ಬಿಟ್ಟು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗಂತೂ ಆ ಬಾಗಿಲೇ ಕಾಣದು. ಕುಂದಾಪುರದ ಪ್ರಯೋಗ ಮೊದಲಾದದ್ದು ಅಂತಹ ಹುಡುಗರಿಂದಲೇ.

ಕುಂದಾಪುರದ ಮಕ್ಕಳು

ಐದು ನದಿಗಳು ಕಡಲು ಸೇರುವ ಕುಂದಾಪುರ, 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾಗುವವರೆಗೆ ದಕ್ಷಿಣ ಕನ್ನಡಕ್ಕೆ ಸೇರಿತ್ತು. ಪಶ್ಚಿಮಕ್ಕೆ ಮೀನುಗಾರಿಕೆಯ ಊರುಗಳು, ಪೂರ್ವಕ್ಕೆ ಘಟ್ಟದ ಬುಡದ ಕಾಡುಹಳ್ಳಿಗಳು. ಈ ಸೀಮೆಯಿಂದ ಬೆಂಗಳೂರು, ಮುಂಬಯಿಗಳ ಹೋಟೆಲುಗಳಿಗೆ ಹುಡುಗರು ಕೆಲಸಕ್ಕೆ ಹೋಗುವುದು ಬಹುಕಾಲದ ರೂಢಿಯಾಗಿತ್ತು. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ 'ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್' ಎಂಬ ಸಂಸ್ಥೆ, ನಂದನಾ ರೆಡ್ಡಿ ಮತ್ತು ಸಂಗಡಿಗರ ಮುಂದಾಳತ್ವದಲ್ಲಿ, ಈ ಹುಡುಗರ ಬೇರುಗಳನ್ನು ಅರಸಿ ಕುಂದಾಪುರದ ಹಳ್ಳಿಗಳಿಗೆ ಬಂತು. 1990ರ ಸುಮಾರಿಗೆ ದುಡಿಯುವ ಮಕ್ಕಳು ತಮ್ಮದೇ ಸಂಘಟನೆಯಾದ 'ಭೀಮ ಸಂಘ'ವನ್ನು ಕಟ್ಟಿಕೊಂಡರು. ಅವರಿಗಾಗಿ 'ಭೀಮ ಪತ್ರಿಕೆ' ಎಂಬ ಗೋಡೆ ಪತ್ರಿಕೆಯೂ ಹೊರಡುತ್ತಿತ್ತು.

ಕಾಲವೂ ಅನುಕೂಲವಾಗಿ ಕೂಡಿಬಂತು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್‌ನಲ್ಲಿ ಅಂಗೀಕಾರವಾಗಿತ್ತು. 1992ರ ಡಿಸೆಂಬರ್‌ನಲ್ಲಿ ಭಾರತ ಅದಕ್ಕೆ ಸಮ್ಮತಿಸಿತು. ಮಗುವಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಮಗು ತನ್ನ ಅಭಿಪ್ರಾಯ ಹೇಳುವ ಹಕ್ಕು, ಅದಕ್ಕೆ ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕ ಬೆಲೆ ದೊರೆಯುವ ಹಕ್ಕು, ಇವು ಅದರ 12ನೆಯ ವಿಧಿಯಲ್ಲಿವೆ. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿಯೂ ಕರ್ನಾಟಕದ ಹೊಸ ಪಂಚಾಯತ್ ರಾಜ್ ಅಧಿನಿಯಮವೂ ಜಾರಿಗೆ ಬಂದು, ಗ್ರಾಮ ಪಂಚಾಯತಿ ಎಂಬ ಹತ್ತಿರದ ಸರ್ಕಾರ ಪ್ರತಿ ಹಳ್ಳಿಗೂ ದೊರೆಯಿತು. ಹಿರಿಯರಿಗೆ ಹತ್ತಿರದ ಸರ್ಕಾರ ಇರುವುದಾದರೆ ಕಿರಿಯರಿಗೂ ಒಂದು ಏಕಿರಬಾರದು ಎಂಬ ಪ್ರಶ್ನೆ ಹುಟ್ಟಿದ್ದು ಈ ಸಂಧಿಕಾಲದಲ್ಲಿ.

1995ರಲ್ಲಿ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳ ವ್ಯಾಪ್ತಿಯಲ್ಲಿ 'ಮಕ್ಕಳ ಪಂಚಾಯತಿ'ಗಳು ರೂಪುಗೊಂಡವು. ಕೆರಾಡಿ, ಆಲೂರು, ಬೆಳ್ವೆಗಳಂತಹ ಊರುಗಳ ಹೆಸರು ಈ ಪ್ರಯೋಗದೊಡನೆ ಬೆಸೆದುಕೊಂಡಿವೆ. ಆರರಿಂದ ಹದಿನೆಂಟರವರೆಗಿನ ಮಕ್ಕಳು ಮತದಾರರು. ಚುನಾವಣೆಯನ್ನು ಹುಡುಗಾಟವೆಂದು ತಳ್ಳಿಹಾಕುವಂತಿರಲಿಲ್ಲ. ಸರ್ಕಾರದ ಅಧಿಕಾರಿಗಳೇ ಮುಂದೆ ನಿಂತು ಗುಪ್ತ ಮತದಾನವನ್ನು ನಡೆಸಿಕೊಟ್ಟರು. ಶಾಲೆಗೆ ಹೋಗುವ ಮಕ್ಕಳಷ್ಟೇ ತುಂಬಿಕೊಳ್ಳದಂತೆ ದುಡಿಯುವ ಮಕ್ಕಳಿಗೂ ಅಲ್ಲಿ ಪ್ರಾತಿನಿಧ್ಯವಿತ್ತು. ದನ ಕಾಯುವ, ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹುಡುಗಿ ಮತ ಕೇಳಲು ಮನೆಮನೆಗೆ ಹೋಗುವುದೆಂದರೆ ಆ ಊರುಗಳ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಮಕ್ಕಳ ನಂಬುಗೆಗೆ ಪಾತ್ರರಾದ ಹಿರಿಯರೊಬ್ಬರನ್ನು 'ಮಕ್ಕಳ ಮಿತ್ರ'ರೆಂದು ಮಕ್ಕಳೇ ಆರಿಸಿಕೊಳ್ಳುವ ಏರ್ಪಾಡೂ ಇತ್ತು. ಕಚೇರಿ, ಪೊಲೀಸು, ಶಾಲೆಗಳ ಬಾಗಿಲಲ್ಲಿ ಮಕ್ಕಳ ಪರವಾಗಿ ನಿಲ್ಲುವುದು ಆ ಮಿತ್ರರ ಹೊಣೆ.

ಚುನಾಯಿತರಾದ ಮಕ್ಕಳು ಎತ್ತಿದ ವಿಷಯಗಳನ್ನು ನೋಡಿದರೆ ಅವರ ಸಭೆಯ ಸ್ವರೂಪ ತಿಳಿಯುತ್ತದೆ. ಅವುಗಳಲ್ಲಿ ಮುಖ್ಯವಾದುದು ಕಾಲುಸಂಕ. ಮಲೆನಾಡಿನ ಅಂಚಿನ ಆ ಹಳ್ಳಿಗಳಲ್ಲಿ ಮನೆಗೂ ಶಾಲೆಗೂ ನಡುವೆ ಹಳ್ಳತೊರೆಗಳಿರುತ್ತವೆ. ಆಷಾಢದ ಮಳೆಗೆ ಅವು ಉಕ್ಕಿದಾಗ, ಎರಡು ಅಡಕೆ ಮರದ ಕಾಂಡಗಳ ಮೇಲೆ ಜಾರುತ್ತ ದಾಟಬೇಕು. ದಾಟಲಾಗದ ದಿನ ಶಾಲೆಯಿಲ್ಲ. ಹಿರಿಯರ ಯೋಜನೆಗಳಲ್ಲಿ ರಸ್ತೆ, ದೊಡ್ಡ ಸೇತುವೆ, ಕಟ್ಟಡಗಳು ಇರುತ್ತಿದ್ದವು. ಕಾಲುಸಂಕ ಅಷ್ಟಾಗಿ ಕಾಣುತ್ತಿರಲಿಲ್ಲ. ಮಕ್ಕಳು ತಾವೇ ಸಮೀಕ್ಷೆ ನಡೆಸಿ, ಊರಿನ ನಕ್ಷೆ ಬರೆದು, ಎಲ್ಲಿ ಸಂಕ ಬೇಕು, ಎಷ್ಟು ಮಂದಿ ಅದನ್ನು ಬಳಸುತ್ತಾರೆ ಎಂಬುದನ್ನು ಲೆಕ್ಕಸಮೇತ ಪಂಚಾಯತಿಯ ಮುಂದಿಟ್ಟರು. ಶಾಲೆಯ ದೂರ, ಅಂಗನವಾಡಿ, ಸೌದೆ ಮತ್ತು ನೀರಿಗಾಗಿ ಹುಡುಗಿಯರು ಕಳೆಯುವ ಹೊತ್ತು, ಊರಿನ ಸಾರಾಯಿ, ಬಾಲ್ಯವಿವಾಹ ಇವೂ ಅವರ ಪಟ್ಟಿಯಲ್ಲಿದ್ದವು. ಹತ್ತನೆಯ ಪಂಚವಾರ್ಷಿಕ ಯೋಜನೆಯ ಕಾಲಕ್ಕೆ ಈ ಸಮೀಕ್ಷೆಗಳು ಗ್ರಾಮ ಪಂಚಾಯತಿಗಳ ಯೋಜನೆ ತಯಾರಿಕೆಗೇ ನೆರವಾಗುವಷ್ಟು ಬೆಳೆದವು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಮಕ್ಕಳ ಪಂಚಾಯತಿಗೆ ಹಣ ಖರ್ಚುಮಾಡುವ ಅಧಿಕಾರವಾಗಲಿ, ಆಜ್ಞೆ ಹೊರಡಿಸುವ ಅಧಿಕಾರವಾಗಲಿ ಇರಲಿಲ್ಲ. ಅದರ ಬಲ ಎರಡು ಕಂಬಗಳ ಮೇಲೆ ನಿಂತಿತ್ತು: ಹಿಂದೆ ಮತ ಹಾಕಿದ ಮಕ್ಕಳಿದ್ದರು, ಮುಂದೆ ಉತ್ತರ ಕೊಡಲೇಬೇಕಾದ ಹಿರಿಯರ ಪಂಚಾಯತಿಯಿತ್ತು. ಮೊದಲ ಕಂಬವಿಲ್ಲದಿದ್ದರೆ ಅದು ಭಾಷಣ ಸ್ಪರ್ಧೆಯಾಗುತ್ತಿತ್ತು. ಎರಡನೆಯದಿಲ್ಲದಿದ್ದರೆ ಮನವಿಪತ್ರ ಬರೆಯುವ ಅಭ್ಯಾಸವಾಗುತ್ತಿತ್ತು. ಅಣಕು ಸಂಸತ್ತಿಗೂ ಚುನಾಯಿತ ಸಭೆಗೂ ಇರುವ ವ್ಯತ್ಯಾಸವೆಲ್ಲ ಈ ಎರಡು ಕಂಬಗಳಲ್ಲಿ ಅಡಗಿದೆ ಎಂಬುದೇ ನಮ್ಮ ಅಭಿಪ್ರಾಯ.

ಮಕ್ಕಳ ಗ್ರಾಮಸಭೆ: ಬೆಳೆದದ್ದು, ತೆಳುವಾದದ್ದು

ಈ ಅನುಭವದ ಬೆಳಕಿನಲ್ಲಿ ಕರ್ನಾಟಕ ಸರ್ಕಾರ 2006ರಲ್ಲಿ ರಾಜ್ಯದ ಎಲ್ಲ ಗ್ರಾಮ ಪಂಚಾಯತಿಗಳೂ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸೂಚಿಸಿತು. ಒಂದು ತಾಲೂಕಿನ ಪ್ರಯೋಗ ಇಡೀ ರಾಜ್ಯದ ಕಾರ್ಯಕ್ರಮವಾದುದು ದೊಡ್ಡ ಸಾಧನೆಯೇ ಸರಿ. ಬಳ್ಳಾರಿಯ ಬಯಲಿನಲ್ಲಿಯೂ ಬೀದರಿನ ಗಡಿಯಲ್ಲಿಯೂ ಮಕ್ಕಳು ಧ್ವನಿವರ್ಧಕದ ಮುಂದೆ ನಿಂತು ಅಧ್ಯಕ್ಷರನ್ನೂ ಅಭಿವೃದ್ಧಿ ಅಧಿಕಾರಿಯನ್ನೂ ಪ್ರಶ್ನಿಸುವ ದೃಶ್ಯ ಇಂದು ಹೊಸದಲ್ಲ. ಶೌಚಾಲಯಕ್ಕೆ ನೀರಿಲ್ಲ, ಬಸ್ಸು ನಿಲ್ಲಿಸುವುದಿಲ್ಲ, ಆಟದ ಬಯಲು ಒತ್ತುವರಿಯಾಗಿದೆ ಎಂಬ ಮಾತುಗಳು ಅಲ್ಲಿ ಕೇಳಿಬರುತ್ತವೆ.

ಆದರೆ ಹರಡುವಾಗ ಒಂದು ಅಂಶ ತೆಳುವಾಯಿತು. ಮಕ್ಕಳ ಗ್ರಾಮಸಭೆ ಎಲ್ಲ ಮಕ್ಕಳು ಸೇರುವ ಸಭೆ, ಅದರಲ್ಲಿ ಚುನಾವಣೆಯಿಲ್ಲ. ಸಭೆ ಮುಗಿದ ಮರುದಿನದಿಂದ ಮುಂದಿನ ವರ್ಷದವರೆಗೆ ಮಕ್ಕಳ ಪರವಾಗಿ ಪಂಚಾಯತಿಯ ಬೆನ್ನುಹತ್ತುವ ಪ್ರತಿನಿಧಿ ಯಾರೂ ಇರುವುದಿಲ್ಲ. ಹಾಗಾಗಿ ಶಿಕ್ಷಕರೂ ಪಂಚಾಯತಿಯವರೂ ಆಸಕ್ತರಾಗಿರುವಲ್ಲಿ ಅದು ಫಲ ಕೊಡುತ್ತದೆ. ಇಲ್ಲದಲ್ಲಿ ಮಕ್ಕಳ ದಿನಾಚರಣೆಯ ಇನ್ನೊಂದು ಕಾರ್ಯಕ್ರಮವಾಗಿ, ಕಳೆದ ವರ್ಷದ ಪ್ರಶ್ನೆಯನ್ನೇ ಈ ವರ್ಷವೂ ಕೇಳಿಸಿಕೊಂಡು ಮುಗಿಯುತ್ತದೆ.

ನೆರೆಹೊರೆಯ ಅನುಭವಗಳೂ ಇದೇ ಮಾತನ್ನು ಹೇಳುತ್ತವೆ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ ಅವರು ಕಟ್ಟಿದ ಸಂಸ್ಥೆಯ ರಾತ್ರಿಶಾಲೆಗಳ ಮಕ್ಕಳು ತಮ್ಮದೇ ಸಂಸತ್ತನ್ನು ಚುನಾಯಿಸಿಕೊಳ್ಳುತ್ತಾರೆ. ಹಗಲು ಮೇಕೆ ಮೇಯಿಸುವ ಹುಡುಗಿ ಅಲ್ಲಿ ಪ್ರಧಾನಿಯಾದದ್ದುಂಟು. ಶಾಲೆ ಸರಿಯಾಗಿ ನಡೆಯುತ್ತಿದೆಯೇ ಎಂಬುದನ್ನು ನೋಡುವ ಹೊಣೆ ಆ ಸಂಸತ್ತಿನದು. 1998ರಲ್ಲಿ ಆರಂಭವಾದ ಕೇರಳದ ಕುಟುಂಬಶ್ರೀ ಯೋಜನೆಯಡಿ ಬಾಲಸಭೆಗಳು ಬೆಳೆದಿವೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗೂ ಆ ಬಾಗಿಲು ತೆರೆದಿದೆ. ಬ್ರಿಟನ್ನಿನ ಯುವ ಸಂಸತ್ತು 2001ರಲ್ಲಿ ಮೊದಲ ಬಾರಿ ಸೇರಿತು. ಹನ್ನೊಂದರಿಂದ ಹದಿನೆಂಟರವರು ಅದರ ಸದಸ್ಯರು. 2009ರ ಅಕ್ಟೋಬರ್‌ನಲ್ಲಿ ಅವರು ಕಾಮನ್ಸ್ ಸಭಾಂಗಣದ ಹಸಿರು ಪೀಠಗಳ ಮೇಲೆ ಕುಳಿತು ಚರ್ಚಿಸಿದರು. ಸಂಸದರಲ್ಲದವರಿಗೆ ಆ ಪೀಠಗಳು ದೊರೆತದ್ದು ಅದೇ ಮೊದಲು. ಸ್ಕಾಟ್ಲೆಂಡಿನ ಯುವ ಸಂಸತ್ತು 1999ರಿಂದಲೂ ಇದೆ. ಹದಿನಾಲ್ಕರಿಂದ ಇಪ್ಪತ್ತೈದರವರು ಅದರಲ್ಲಿದ್ದಾರೆ. ದೇಶ, ಭಾಷೆ, ಸಿರಿತನಗಳು ಬೇರೆಯಾದರೂ ತಿಲೋನಿಯಾದ ಹುಡುಗಿಗೂ ಲಂಡನ್ನಿನ ಹುಡುಗನಿಗೂ ಸಮಾನವಾದದ್ದು ಒಂದೇ: ಇಬ್ಬರನ್ನೂ ತಮ್ಮ ಓರಗೆಯವರು ಆರಿಸಿ ಕಳಿಸಿದ್ದಾರೆ.

ದಾಬೋಲಿಮ್ ಪರಿಸರದ ನಮ್ಮ ಮಕ್ಕಳು

ಈಗ ನಮ್ಮ ಅಂಗಳಕ್ಕೆ ಬರೋಣ. ಕದಂಬರ ಕಾಲದಿಂದಲೂ ಗೋವೆಗೂ ಕನ್ನಡಕ್ಕೂ ನಂಟಿದ್ದರೂ ಇಂದಿನ ನಮ್ಮ ಸಮುದಾಯ ಬಹುಮಟ್ಟಿಗೆ ದುಡಿಮೆಯ ದಾರಿ ಹಿಡಿದು ಬಂದದ್ದು. 1880ರ ದಶಕದಲ್ಲಿ ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್ ಕಡೆಗೆ ರೈಲು ಹಳಿ ಹಾಕಿದಾಗ ಘಟ್ಟದ ಮೇಲಿನ ನಾಡಿಗೂ ಈ ಬಂದರಿಗೂ ನೇರ ಸಂಪರ್ಕ ಏರ್ಪಟ್ಟಿತು. 1955ರಲ್ಲಿ ಪೋರ್ಚುಗೀಸರು ದಾಬೋಲಿಮ್ ವಿಮಾನ ನಿಲ್ದಾಣವನ್ನು ತೆರೆದರು. ಗೋವೆಯ ವಿಮೋಚನೆಯ ಅನಂತರ ಬಂದರಿನ ಅದಿರು ಸಾಗಣೆ, 1973ರಲ್ಲಿ ಆರಂಭವಾದ ಜುವಾರಿನಗರದ ಗೊಬ್ಬರದ ಕಾರ್ಖಾನೆ, ಮನೆ ಹಾಗೂ ಹೋಟೆಲುಗಳ ಕಟ್ಟೋಣ ಇವು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ಧಾರವಾಡಗಳ ಕುಟುಂಬಗಳನ್ನು ಕರೆತಂದವು. 2011ರ ಜನಗಣತಿಯಂತೆ ಗೋವೆಯ ನೂರು ಮಂದಿಯಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯ ತಾಯ್ನುಡಿ ಕನ್ನಡ.

ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಸ್ಥಿತಿ ವಿಚಿತ್ರವಾದುದು. ಮನೆಯಲ್ಲಿ ಬಯಲುಸೀಮೆಯ ಕನ್ನಡ, ಓಣಿಯಲ್ಲಿ ಕೊಂಕಣಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಮರಾಠಿ. ಜಾತ್ರೆಗೆ ಹೋದರೆ ಊರವರು "ಗೋವಾದವರು ಬಂದರು" ಎನ್ನುತ್ತಾರೆ. ಇಲ್ಲಿ ಯಾರೋ ಘಾಂಟಿ ಎಂದು ಕರೆಯುತ್ತಾರೆ. ತಂದೆತಾಯಿಗಳ ಹೆಸರು ಎಷ್ಟೋ ವೇಳೆ ಹುಟ್ಟೂರಿನ ಮತದಾರರ ಪಟ್ಟಿಯಲ್ಲಿಯೇ ಇರುತ್ತದೆ. ಮತದಾನದ ದಿನ ಬಸ್ಸು ಹಿಡಿದು ಹೋಗುತ್ತಾರೆ. ಇಲ್ಲಿಯೇ ಹದಿನೆಂಟು ತುಂಬಿದ ಹುಡುಗಿಗೆ ಆ ಊರು ನೆನಪಿನ ಊರಷ್ಟೇ. ಅಲ್ಲಿಯೂ ಸಲ್ಲದೆ ಇಲ್ಲಿಯೂ ನೋಂದಾಯಿಸಿಕೊಳ್ಳದೆ ಎರಡು ಪಟ್ಟಿಗಳ ನಡುವೆ ಅವಳು ಬಿಟ್ಟುಹೋಗುವುದುಂಟು. ಕುಂದಾಪುರದ ಹುಡುಗನಿಗೆ ವಯಸ್ಸಿನ ಹೊಸ್ತಿಲು ಒಂದೇ ಇತ್ತು. ನಮ್ಮ ಮಕ್ಕಳಿಗೆ ವಯಸ್ಸಿನದು ಒಂದು, ನೆಲೆಯದು ಇನ್ನೊಂದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಮತದಾರನು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತಾನೋ ಅಲ್ಲಿ ಹೆಸರು ನೋಂದಾಯಿಸಬಹುದು. ಹುಟ್ಟಿದ ಊರಾಗಲಿ ತಾಯ್ನುಡಿಯಾಗಲಿ ಅದಕ್ಕೆ ಅಡ್ಡಿಯಲ್ಲ. ಹಿಂದೆ ಜನವರಿ 1ರಂದು ಹದಿನೆಂಟು ತುಂಬಿರಬೇಕೆಂಬ ಒಂದೇ ಗಡುವಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳು ಹೀಗೆ ನಾಲ್ಕು ಗಡುವುಗಳಾಗಿವೆ. ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. ಒಬ್ಬರ ಹೆಸರು ಒಂದೇ ಪಟ್ಟಿಯಲ್ಲಿರಬೇಕೆಂಬುದು ಮಾತ್ರ ಕಟ್ಟುನಿಟ್ಟು. ಹೀಗಾಗಿ ತಾನು ಎಲ್ಲಿಯ ಪ್ರಜೆಯಾಗಿ ಬಾಳಬೇಕೆಂಬ ತೀರ್ಮಾನವನ್ನು ನಮ್ಮ ತರುಣರು ಹದಿನೇಳರಲ್ಲಿಯೇ ಮಾಡಬೇಕಾಗುತ್ತದೆ. ಒಮ್ಮೆಯೂ ಸಭೆಯಲ್ಲಿ ಕುಳಿತು ತೀರ್ಮಾನ ಮಾಡಿ ಅಭ್ಯಾಸವಿಲ್ಲದವರು ಇಂತಹ ದೊಡ್ಡ ತೀರ್ಮಾನವನ್ನು ಯಾವ ಧೈರ್ಯದಿಂದ ಮಾಡಿಯಾರು?

ಸಂಘದ ಮುಂದಿರುವ ಕೆಲಸ

ಹೊರನಾಡಿನ ಕನ್ನಡ ಸಂಘಗಳು ತಮ್ಮ ಕಿರಿಯರಿಗೆ ವೇದಿಕೆ ಕೊಟ್ಟಿವೆ. ರಾಜ್ಯೋತ್ಸವದಲ್ಲಿ ಅವರು ಕುಣಿಯುತ್ತಾರೆ, ಹಾಡುತ್ತಾರೆ, ಸಾಹಿತ್ಯ ಸಮ್ಮೇಳನಗಳಲ್ಲಿ ಅತಿಥಿಗಳಿಗೆ ಹೂಗುಚ್ಛ ಕೊಡುತ್ತಾರೆ. ಯಾವ ಕಾರ್ಯಕ್ರಮ ನಡೆಯಬೇಕು, ಕೂಡಿದ ಹಣ ಪುಸ್ತಕಕ್ಕೆ ಹೋಗಬೇಕೋ ಪೆಂಡಾಲಿಗೆ ಹೋಗಬೇಕೋ ಎಂಬ ನಿರ್ಧಾರದ ಹೊತ್ತಿಗೆ ಮಾತ್ರ ಅವರು ಮನೆಯಲ್ಲಿರುತ್ತಾರೆ. ಮುಂದಿನ ತಲೆಮಾರು ಸಂಘಕ್ಕೆ ಬರುತ್ತಿಲ್ಲ ಎಂಬ ಕಳವಳ ಎಲ್ಲ ಹೊರನಾಡ ಸಭೆಗಳಲ್ಲಿ ಕೇಳಿಬರುತ್ತದೆ. ಕುಂದಾಪುರದ ಇತಿಹಾಸವನ್ನು ಓದಿದ ಮೇಲೆ ಈ ಕಳವಳಕ್ಕೆ ಒಂದು ಉತ್ತರ ಕಾಣುತ್ತದೆ: ನಿರ್ಧಾರವಿಲ್ಲದ ಕಡೆ ಯಾರೂ ಬಹುಕಾಲ ನಿಲ್ಲುವುದಿಲ್ಲ.

ಆದ್ದರಿಂದ ಒಂದು ಸಣ್ಣ ಪ್ರಯೋಗವನ್ನು ನಾವು ಈ ಸಮ್ಮೇಳನದ ಮುಂದಿಡಬಯಸುತ್ತೇವೆ. ದಾಬೋಲಿಮ್, ಚಿಕಾಲಿಮ್, ಜುವಾರಿನಗರ, ಬೈನಾ, ವಾಸ್ಕೊ ಹೀಗೆ ಬಡಾವಣೆಗೆ ಇಬ್ಬರಂತೆ, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಹದಿನಾಲ್ಕರಿಂದ ಇಪ್ಪತ್ತೊಂದರವರೆಗಿನ ನಮ್ಮ ಮಕ್ಕಳು ಗುಪ್ತ ಮತದಿಂದ ಆರಿಸಿದ ಒಂದು ಯುವಸಭೆ ರಚನೆಯಾಗಲಿ. ಓದುವವರಷ್ಟೇ ಅಲ್ಲದೆ ಅಂಗಡಿ, ಗ್ಯಾರೇಜು, ಕಟ್ಟಡಗಳಲ್ಲಿ ದುಡಿಯುವ ತರುಣರೂ ಮತದಾರರಾಗಲಿ. ಆ ಸಭೆ ವರ್ಷಕ್ಕೆ ನಾಲ್ಕು ಬಾರಿ ಸೇರಲಿ. ಅದು ಕಳಿಸಿದ ಪ್ರತಿಯೊಂದು ಗೊತ್ತುವಳಿಗೂ ಸಂಘದ ಕಾರ್ಯಕಾರಿ ಸಮಿತಿ ತನ್ನ ಮುಂದಿನ ಸಭೆಯೊಳಗೆ ಬರಹದಲ್ಲಿ ಉತ್ತರ ಕೊಡಬೇಕೆಂಬ ಒಂದು ನಿಯಮ ಸಂಘದ ನಿಬಂಧನೆಯಲ್ಲಿ ಸೇರಲಿ. "ಆಗುತ್ತದೆ" ಎಂದಾದರೂ ಬರೆಯಲಿ, "ಆಗದು, ಇಂತಹ ಕಾರಣಕ್ಕೆ" ಎಂದಾದರೂ ಬರೆಯಲಿ. ಮೌನ ಮಾತ್ರ ಬೇಡ.

ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಒಂದು ಮತಪೆಟ್ಟಿಗೆ, ಒಂದು ದಾಖಲೆ ಪುಸ್ತಕ, ಮಕ್ಕಳೇ ಆರಿಸಿದ ಒಬ್ಬ ಮಿತ್ರ ಇಷ್ಟಿದ್ದರೆ ಸಾಕು. ಅವರು ಮೊದಲ ಸಭೆಯಲ್ಲಿ ಕೇಳುವ ಪ್ರಶ್ನೆ ಹಿರಿಯರಿಗೆ ಹಿತವಾಗಿರಲಾರದು. ಕನ್ನಡ ಕಲಿತರೆ ನಮಗೆ ಇಲ್ಲಿ ಏನು ಸಿಗುತ್ತದೆ ಎಂದು ಕೇಳಬಹುದು. ಓಣಿಯ ನಳದ ನೀರಿಗೂ ಸಾಹಿತ್ಯ ಸಮ್ಮೇಳನಕ್ಕೂ ಏನು ಸಂಬಂಧ ಎಂದು ಕೇಳಬಹುದು. ಕುಂದಾಪುರದ ಮಕ್ಕಳು ಕಾಲುಸಂಕ ಕೇಳಿದಾಗಲೂ ಪಂಚಾಯತಿಯವರು ಮೊದಲಿಗೆ ಹುಬ್ಬು ಗಂಟಿಕ್ಕಿರಲಿಕ್ಕೆ ಸಾಕು. ಆದರೆ ಮಳೆಗಾಲದಲ್ಲಿ ಆ ಸಂಕದ ಮೇಲೆ ಮಕ್ಕಳಷ್ಟೇ ನಡೆಯುವುದಿಲ್ಲ, ಹಿರಿಯರೂ ದಾಟುತ್ತಾರೆ.